ಜ್ಯಾಂಗೋದಲ್ಲಿ ಡಿಫಾಲ್ಟ್ ದಾಖಲೆಗಳು: ಖಾಲಿ ಡೇಟಾಬೇಸ್‌ಗೆ ಜಿಲ್ಲೆಗಳ ಪಟ್ಟಿ ತುಂಬುವುದು ಹೇಗೆ?

ಓದುಗರಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಒಂದಿದೆ. "ನನ್ನ ಲ್ಯಾಪ್‌ಟಾಪ್‌ನಲ್ಲಿ ಜಿಲ್ಲೆಗಳ ಪಟ್ಟಿ ಸರಿಯಾಗಿ ಕಾಣುತ್ತದೆ. ಸರ್ವರ್‌ಗೆ ಹಾಕಿದ ಮೇಲೆ ಡ್ರಾಪ್‌ಡೌನ್ ಖಾಲಿ. ಏನು ತಪ್ಪಾಗಿದೆ?"

ಲ್ಯಾಪ್‌ಟಾಪ್‌ನಲ್ಲಿ ಆ ಜಿಲ್ಲೆಗಳನ್ನು ನೀವೇ ಅಡ್ಮಿನ್ ಪುಟದಲ್ಲಿ ಕೂತು ಒಂದೊಂದಾಗಿ ತುಂಬಿದ್ದೀರಿ, ಅಲ್ವಾ? ಸರ್ವರ್‌ಗೆ ಹೋಗಿದ್ದು ನಿಮ್ಮ ಕೋಡ್ ಮಾತ್ರ. ಡೇಟಾ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಉಳಿದಿದೆ. ಹೀಗೆ ಮೊದಲ ಬಳಕೆದಾರ ಬರುವ ಮುಂಚೆಯೇ ಟೇಬಲ್‌ನಲ್ಲಿ ಇರಬೇಕಾದ ಸಾಲುಗಳಿಗೆ ಡಿಫಾಲ್ಟ್ ದಾಖಲೆ ಅಂತ ಹೆಸರು. ಒಂದು ಫೀಲ್ಡ್ ಖಾಲಿ ಬಿಟ್ಟರೆ ತಾನಾಗಿ ಕೂರುವ ಡಿಫಾಲ್ಟ್ ಮೌಲ್ಯ ಬೇರೆ ವಿಷಯ. ಇಲ್ಲಿ ಮಾತಾಡುತ್ತಿರುವುದು ಇಡೀ ಸಾಲುಗಳ ಬಗ್ಗೆ.

ಜ್ಯಾಂಗೋ ಎಂದರೆ ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು. ಅಂಥದೇ ಬೇರೆ ಚೌಕಟ್ಟುಗಳನ್ನು ನೋಡಿ. ರೂಬಿ ಆನ್ ರೇಲ್ಸ್‌ನಲ್ಲಿ ಇದಕ್ಕೆಂದೇ ಸೀಡ್ಸ್ ಎಂಬ ಫೈಲ್ ಇದೆ. ಲಾರಾವೆಲ್‌ನಲ್ಲಿ ಸೀಡರ್ ಕ್ಲಾಸ್‌ಗಳಿವೆ. ಜ್ಯಾಂಗೋದಲ್ಲಿ ಅಂಥ ಒಂದೇ ಜಾಗ ಇಲ್ಲ, ಮೂರ್ನಾಲ್ಕು ದಾರಿಗಳಿವೆ. ಹೊಸಬರಿಗೆ ಗೊಂದಲ ಆಗುವುದು ಅಲ್ಲೇ. ಈ ಲೇಖನದಲ್ಲಿ ಒಂದು ನಿಜವಾದ ಕೆಲಸ ಇಟ್ಟುಕೊಂಡು ಹೋಗೋಣ: ಕರ್ನಾಟಕದ ರಕ್ತದಾನಿಗಳ ಪಟ್ಟಿಯ ಒಂದು ಆ್ಯಪ್. ಅದಕ್ಕೆ 4 ಕಂದಾಯ ವಿಭಾಗಗಳು, 31 ಜಿಲ್ಲೆಗಳು, 8 ರಕ್ತದ ಗುಂಪುಗಳು ಮೊದಲೇ ಬೇಕು.

ಶುರು ಮಾಡುವ ಮುಂಚೆ ಏನೇನು ಬೇಕು

ಜ್ಯಾಂಗೋ 4.2 ಅಥವಾ ಅದಕ್ಕಿಂತ ಹೊಸದು. ಒಂದು ಸಲವಾದರೂ ಮೈಗ್ರೇಟ್ ಮಾಡಿರುವ ಪ್ರಾಜೆಕ್ಟ್. ಗಿಟ್. ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ ಲ್ಯಾಪ್‌ಟಾಪ್‌ನಲ್ಲೂ ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳಿ. ಕೆಳಗೆ ಹೇಳುವ ಎರಡು ತೊಂದರೆಗಳು ಜ್ಯಾಂಗೋ ಜೊತೆ ತಾನಾಗಿ ಬರುವ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ನೇರವಾಗಿ ಸರ್ವರ್‌ನಲ್ಲೇ ಎದುರಾಗುತ್ತವೆ.

ನಾಲ್ಕು ಪದಗಳ ಅರ್ಥ ಮೊದಲೇ ಹೇಳಿಬಿಡುತ್ತೇನೆ. ಮೈಗ್ರೇಷನ್ ಎಂದರೆ ಡೇಟಾಬೇಸ್‌ನಲ್ಲಿ ಆಗಬೇಕಾದ ಒಂದು ಬದಲಾವಣೆಯನ್ನು ಬರೆದಿಟ್ಟ ಪೈಥಾನ್ ಫೈಲ್. ಒಂದು ಡೇಟಾಬೇಸ್‌ನಲ್ಲಿ ಅದು ಒಂದೇ ಸಲ ಓಡುತ್ತದೆ, ಓಡಿದ ಗುರುತನ್ನು ಜ್ಯಾಂಗೋ ತನ್ನದೇ ಟೇಬಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಫಿಕ್ಸ್ಚರ್ ಎಂದರೆ ಸಾಲುಗಳನ್ನು ಜೇಸನ್ ರೂಪದಲ್ಲಿ ಉಳಿಸಿದ ಫೈಲ್. ಪ್ರೈಮರಿ ಕೀ ಎಂದರೆ ಪ್ರತಿ ಸಾಲಿನ ಗುರುತಿನ ಅಂಕಿ, ಸಾಮಾನ್ಯವಾಗಿ ಐಡಿ. ಫಾರಿನ್ ಕೀ ಎಂದರೆ ಒಂದು ಟೇಬಲ್‌ನ ಸಾಲು ಇನ್ನೊಂದು ಟೇಬಲ್‌ನ ಸಾಲನ್ನು ಹಿಡಿದುಕೊಳ್ಳುವ ಕೊಂಡಿ. ನಮ್ಮ ಆ್ಯಪ್‌ನಲ್ಲಿ ದಾನಿಯ ಸಾಲು ಜಿಲ್ಲೆಯ ಸಾಲನ್ನು ಹಿಡಿದುಕೊಂಡಿರುತ್ತದೆ.

ಆಜ್ಞೆಗಳನ್ನು, ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಮಾಡಿ. ಕ್ಲಾಸ್ ಹೆಸರುಗಳಲ್ಲಿ ಮಾತ್ರ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು (ಟ್ರೂ ಕೂಡ ಹಾಗೇ); ಕ್ಯಾಸ್ಕೇಡ್, ಪ್ರೊಟೆಕ್ಟ್, ಎನ್‌ಎಫ್‌ಸಿ, ಇನ್‌ಸ್ಟಾಲ್ಡ್_ಆ್ಯಪ್ಸ್ ಪೂರ್ತಿ ದೊಡ್ಡ ಅಕ್ಷರದಲ್ಲಿ. ಪದದ ನಡುವೆ _ ಇರುವಲ್ಲಿ ಅಂಡರ್‌ಸ್ಕೋರ್ ಹಾಕಿ, ಪದದ ಮುಂದಿನ - ಮತ್ತು -- ಹಾಗೇ ಇರಲಿ.

ಹಂತ 1: ಯಾವ ದಾಖಲೆ ಎಲ್ಲಿಗೆ ಸೇರಬೇಕು ಎಂದು ವಿಂಗಡಿಸಿ

ಕೋಡ್ ಬರೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಬೇಕಾದ ಡಿಫಾಲ್ಟ್ ದಾಖಲೆಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆಯೂ ಕೇಳಿಕೊಳ್ಳಿ: ಇದನ್ನು ಯಾರು ಬದಲಾಯಿಸುತ್ತಾರೆ?

ರಕ್ತದ ಗುಂಪುಗಳನ್ನೇ ನೋಡಿ. ಎ, ಬಿ, ಎಬಿ, ಓ, ಪ್ರತಿಯೊಂದರಲ್ಲೂ ಪಾಸಿಟಿವ್ ಮತ್ತು ನೆಗೆಟಿವ್. ನಮ್ಮ ಪಟ್ಟಿಗೆ ಬೇಕಾಗಿರುವುದು ಈ 8 ಮಾತ್ರ. ಇವನ್ನು ಅಡ್ಮಿನ್ ಪುಟದಲ್ಲಿ ಯಾರೂ ತಿದ್ದಬೇಕಾಗಿಲ್ಲ. ಹಾಗಿದ್ದರೆ ಟೇಬಲ್ ಯಾಕೆ? ಜ್ಯಾಂಗೋ 3.0ರಿಂದ ಟೆಕ್ಸ್ಟ್‌ಚಾಯ್ಸಸ್ ಎಂಬ ಕ್ಲಾಸ್ ಇದೆ. ಗುಂಪುಗಳನ್ನು ಅದರಲ್ಲಿ ಬರೆದು, ದಾನಿಯ ಮಾಡೆಲ್‌ನಲ್ಲಿ (ಟೇಬಲ್‌ನ ಆಕಾರ ಹೇಳುವ ಪೈಥಾನ್ ಕ್ಲಾಸ್) ಒಂದು ಕ್ಯಾರ್‌ಫೀಲ್ಡ್‌ಗೆ, ಅಂದರೆ ಅಕ್ಷರಗಳ ಕಾಲಂಗೆ, ಕೊಟ್ಟರೆ ಕೆಲಸ ಮುಗಿಯಿತು. ತುಂಬಬೇಕಾದ ಡಿಫಾಲ್ಟ್ ದಾಖಲೆಯೇ ಇರುವುದಿಲ್ಲ. ನನಗೆ ಕಳಿಸಿದ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಟೇಬಲ್‌ಗಳ ಅರ್ಧ ಪಾಲು ಸುಮ್ನೆ ಇದ್ದವು, ಚಾಯ್ಸಸ್ ಸಾಕಾಗುತ್ತಿತ್ತು.

ಜಿಲ್ಲೆಗಳು ಹಾಗಲ್ಲ. ಅವು ಅಪರೂಪಕ್ಕಾದರೂ ಬದಲಾಗುತ್ತವೆ. ಅವಕ್ಕೆ ವಿಭಾಗದ ಕೊಂಡಿ ಬೇಕು, ಎರಡು ಭಾಷೆಯಲ್ಲಿ ಹೆಸರು ಬೇಕು. ಇವಕ್ಕೆ ಟೇಬಲ್ ಬೇಕು, ಡೇಟಾ ಮೈಗ್ರೇಷನ್ ಬೇಕು, ಅಂದರೆ ಸಾಲುಗಳನ್ನು ತುಂಬುವ ಮೈಗ್ರೇಷನ್.

ಮೂರನೆಯ ಬಗೆ, ಒಂದು ಸಲ ನಾವು ಇಟ್ಟು ಆಮೇಲೆ ನಡೆಸುವವರ ಕೈಗೆ ಬಿಟ್ಟುಕೊಡುವ ದಾಖಲೆ. ಮುಖಪುಟದ ಸ್ವಾಗತದ ಸಾಲು, ದಾನಿಗೆ ಹೋಗುವ ಸಂದೇಶದ ಮಾದರಿ, ಇಂಥವು. ಇವನ್ನು ಇಲ್ಲದಿದ್ದರೆ ಮಾತ್ರ ಸೃಷ್ಟಿಸಬೇಕು. ಇದ್ದರೆ ಮುಟ್ಟಬಾರದು.

ಇನ್ನು ಪರೀಕ್ಷೆಗೆಂದು ಮಾಡಿಕೊಂಡ ನಕಲಿ ದಾನಿಗಳು. ಅವು ಡಿಫಾಲ್ಟ್ ದಾಖಲೆಗಳೇ ಅಲ್ಲ. ಮೈಗ್ರೇಷನ್ ಒಳಗೆ ಅವನ್ನು ಎಂದಿಗೂ ಹಾಕಬೇಡಿ. ಹಾಕಿದರೆ ನಿಜವಾದ ಸರ್ವರ್‌ನಲ್ಲಿ, ರಕ್ತ ಬೇಕಾಗಿ ಹುಡುಕುತ್ತಿರುವ ಒಬ್ಬರಿಗೆ ಇಲ್ಲದ ಮನುಷ್ಯನ ಹೆಸರು ಸಿಗುತ್ತದೆ.

ಹಂತ 2: ಬದಲಾಗದ ಒಂದು ಕೋಡ್ ಕೊಡಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಡಿಫಾಲ್ಟ್ ದಾಖಲೆಯನ್ನು ಅದರ ಹೆಸರಿನಿಂದ ಗುರುತಿಸಬೇಡಿ, ಐಡಿಯಿಂದಲೂ ಗುರುತಿಸಬೇಡಿ. ಅದಕ್ಕೆಂದೇ ಒಂದು ಕೋಡ್ ಕಾಲಂ ಇಡಿ, ಅದಕ್ಕೆ ಯೂನಿಕ್ ನಿಯಮ ಹಾಕಿ, ಅಂದರೆ ಒಂದೇ ಕೋಡ್ ಎರಡು ಸಾಲಿಗೆ ಬರಬಾರದು.

ಹೆಸರು ಯಾಕೆ ಬೇಡ? ನಮ್ಮ ರಾಜ್ಯದಲ್ಲೇ ನೋಡಿ. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಮೈಸೂರಿನಂಥ ಊರಿಗೆ ಬದಲಾಗಿದ್ದು ಇಂಗ್ಲಿಷ್ ಕಾಗುಣಿತ ಮಾತ್ರ, ಕನ್ನಡದಲ್ಲಿ ಮೊದಲೂ ಮೈಸೂರೇ. ಆದರೆ ಗುಲ್ಬರ್ಗಾ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಅಲ್ಲಿ ಎರಡೂ ಭಾಷೆಯ ಕಾಲಂ ಬದಲಾಗಬೇಕು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಆ ಹೆಸರಿನ ಲೋಕಸಭಾ ಕ್ಷೇತ್ರ ಮೊದಲೇ ಇದೆ, ತಾಲ್ಲೂಕೂ ಇದೆ. ಹೆಸರನ್ನೇ ನಂಬಿಕೊಂಡ ಕೋಡ್ ಇಲ್ಲಿ ಏನು ಮಾಡುತ್ತದೆ? "ಈ ಹೆಸರಿನ ಜಿಲ್ಲೆ ಇಲ್ಲವಲ್ಲ" ಎಂದುಕೊಂಡು ಹೊಸ ಸಾಲನ್ನೇ ಸೃಷ್ಟಿಸುತ್ತದೆ. ಹಳೆಯ ದಾನಿಗಳು ಹಳೆಯ ಸಾಲಿನಲ್ಲಿ, ಹೊಸಬರು ಹೊಸ ಸಾಲಿನಲ್ಲಿ. ಹುಡುಕಿದವರಿಗೆ ಅರ್ಧ ಜನ ಮಾತ್ರ ಸಿಗುತ್ತಾರೆ.

ಐಡಿ ಯಾಕೆ ಬೇಡ? ನೀವು 1ರಿಂದ 31ರ ತನಕ ಐಡಿಯನ್ನು ನೀವೇ ಬರೆದು ತುಂಬಿದಿರಿ ಅಂದುಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ಐಡಿ ಎಣಿಸುವುದಕ್ಕೆ ಸೀಕ್ವೆನ್ಸ್ ಎಂಬ ಬೇರೆಯೇ ಎಣಿಕೆ ಇರುತ್ತದೆ. ಐಡಿಯನ್ನು ನೀವೇ ಕೊಟ್ಟರೆ ಆ ಎಣಿಕೆ ಮುಂದೆ ಹೋಗುವುದಿಲ್ಲ. ಮುಂದೆ ಯಾರೋ ಅಡ್ಮಿನ್ ಪುಟದಲ್ಲಿ ಹೊಸ ಜಿಲ್ಲೆ ಸೇರಿಸಲು ಹೋದರೆ ಎಣಿಕೆ 1 ಎಂದು ಕೊಡುತ್ತದೆ. 1 ಆಗಲೇ ಇದೆ. ಡುಪ್ಲಿಕೇಟ್ ಕೀ ಎಂದು ದೋಷ ಬರುತ್ತದೆ. ಇನ್ನೊಮ್ಮೆ ಒತ್ತಿದರೆ 2, ಮತ್ತೆ ದೋಷ. ಸೋತ ಪ್ರಯತ್ನವೂ ಎಣಿಕೆಯನ್ನು ಒಂದು ಹೆಜ್ಜೆ ಮುಂದೆ ತಳ್ಳುತ್ತದೆ. ಹಾಗಾಗಿ 32ನೇ ಸಲ ಒತ್ತಿದಾಗ ಅದು ತಾನಾಗಿ ಸರಿಹೋಗುತ್ತದೆ! "ಏನೋ ಆಗಿತ್ತು, ಈಗ ಸರಿಯಾಯಿತು" ಎಂದು ಬರೆದು ಕಳಿಸುವ ಓದುಗರಲ್ಲಿ ಹಲವರಿಗೆ ಆಗಿರುವುದು ಇದೇ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಎಸ್‌ಕ್ಯೂಎಲ್‌ಸೀಕ್ವೆನ್ಸ್‌ರಿಸೆಟ್ ಎಂಬ ಮ್ಯಾನೇಜ್ ಆಜ್ಞೆಯನ್ನು ಆ್ಯಪ್ ಹೆಸರಿನ ಜೊತೆ ಓಡಿಸಿ. ಅದು ತೋರಿಸುವ ಎಸ್‌ಕ್ಯೂಎಲ್ ಸಾಲುಗಳನ್ನು ಡೇಟಾಬೇಸ್‌ನಲ್ಲಿ ಓಡಿಸಿದರೆ ಎಣಿಕೆ ಸರಿಯಾದ ಜಾಗಕ್ಕೆ ಬರುತ್ತದೆ. ಆಜ್ಞೆ ಸಾಲುಗಳನ್ನು ತೋರಿಸುತ್ತದೆ ಅಷ್ಟೇ, ತಾನೇ ಓಡಿಸುವುದಿಲ್ಲ.

ಹಾಗಾದರೆ ಕೋಡ್ ಎಂದು ಏನಿಡುವುದು? ಭಾರತ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಜಿಲ್ಲೆಗೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಬೇರೆ ಸರ್ಕಾರಿ ಡೇಟಾ ಜೊತೆ ಮುಂದೆ ಹೊಂದಿಸಬೇಕಾದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ನೀವೇ ಕೊಡಿ: ಜಿ01, ಜಿ02 ಹೀಗೆ. ಹೆಸರಿನಿಂದ ಕೋಡ್ ಮಾಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ರಾಮನಗರ ಎಂದೇ ಕೋಡ್ ಇಟ್ಟಿದ್ದರೆ, ಹೆಸರು ಬದಲಾದ ದಿನ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಕೋಡನ್ನೂ "ಸರಿ" ಮಾಡಿಬಿಡುತ್ತಾರೆ.

ಹೀಗಾಗಿ ಜಿಲ್ಲೆಯ ಮಾಡೆಲ್‌ನಲ್ಲಿ ಇರಬೇಕಾದವು: ಕೋಡ್, ಕನ್ನಡ ಹೆಸರು, ಇಂಗ್ಲಿಷ್ ಹೆಸರು, ವಿಭಾಗಕ್ಕೆ ಫಾರಿನ್ ಕೀ, ಮತ್ತು ಚಾಲ್ತಿಯಲ್ಲಿದೆಯೇ ಎಂದು ಹೇಳುವ ಒಂದು ಹೌದು-ಅಲ್ಲ ಕಾಲಂ. ಬಳಕೆಯಿಂದ ಹೋದ ದಾಖಲೆಯನ್ನು ಅಳಿಸುವ ಬದಲು ಚಾಲ್ತಿ ಅಲ್ಲ ಎಂದು ಮಾಡಿದರೆ ಸಾಕು. ದಾನಿಯಿಂದ ಜಿಲ್ಲೆಗೆ ಇರುವ ಫಾರಿನ್ ಕೀಗೆ ಆನ್_ಡಿಲೀಟ್ ಜಾಗದಲ್ಲಿ ಕ್ಯಾಸ್ಕೇಡ್ ಬದಲು ಪ್ರೊಟೆಕ್ಟ್ ಕೊಡಿ. ಕ್ಯಾಸ್ಕೇಡ್ ಇದ್ದರೆ ಜಿಲ್ಲೆ ಅಳಿಸಿದ ಕೂಡಲೇ ಅದರ ದಾನಿಗಳೆಲ್ಲ ಅಳಿಸಿಹೋಗುತ್ತಾರೆ. ಪ್ರೊಟೆಕ್ಟ್ ಇದ್ದರೆ ದಾನಿಗಳು ಇರುವ ತನಕ ಜಿಲ್ಲೆಯನ್ನು ಅಳಿಸಲು ಬಿಡುವುದಿಲ್ಲ.

ಹಂತ 3: ಖಾಲಿ ಮೈಗ್ರೇಷನ್ ಮಾಡಿ

ಮಾಡೆಲ್ ಬರೆದಾದ ಮೇಲೆ ಎಂದಿನಂತೆ ಮೇಕ್‌ಮೈಗ್ರೇಷನ್ಸ್ ಓಡಿಸಿ. ಟೇಬಲ್ ಕಟ್ಟುವ ಮೈಗ್ರೇಷನ್ ಬಂತು. ಡೇಟಾಗೆ ಬೇರೆಯೇ ಫೈಲ್ ಬೇಕು:

ಪೈಥಾನ್ ಮ್ಯಾನೇಜ್.ಪಿವೈ ಮೇಕ್‌ಮೈಗ್ರೇಷನ್ಸ್ ದಾನಿ --ಎಂಪ್ಟಿ --ನೇಮ್ ಜಿಲ್ಲೆ_ತುಂಬು

ಇಲ್ಲಿ ದಾನಿ ಎನ್ನುವುದು ಆ್ಯಪ್ ಹೆಸರು. ಎಂಪ್ಟಿ ಎಂದರೆ ಖಾಲಿ ಫೈಲ್ ಕೊಡು ಎಂದು. ಫೈಲ್ ತೆರೆದು ನೋಡಿ. ಡಿಪೆಂಡೆನ್ಸೀಸ್ ಎಂಬ ಪಟ್ಟಿಯಲ್ಲಿ ಹಿಂದಿನ ಮೈಗ್ರೇಷನ್ ಹೆಸರು ಇರುತ್ತದೆ. ಇದಕ್ಕಿಂತ ಮೊದಲು ಯಾವುದು ಓಡಬೇಕು ಎಂದು ಅದು ಹೇಳುತ್ತದೆ. ವಿಭಾಗದ ಮಾಡೆಲ್ ಬೇರೆ ಆ್ಯಪ್‌ನಲ್ಲಿ ಇದ್ದರೆ ಆ ಆ್ಯಪ್‌ನ ಮೈಗ್ರೇಷನ್ ಹೆಸರನ್ನೂ ನೀವೇ ಸೇರಿಸಬೇಕು. ಇದನ್ನು ಮರೆತರೆ ನಿಮ್ಮ ಯಂತ್ರದಲ್ಲಿ ಓಡುತ್ತದೆ, ಹೊಸ ಯಂತ್ರದಲ್ಲಿ ಓಡದೇ ಹೋಗಬಹುದು.

ಎಚ್ಚರಿಕೆ: ಕಾಲಂ ಸೇರಿಸುವ ಕೆಲಸ, ಸಾಲು ತುಂಬುವ ಕೆಲಸ ಎರಡನ್ನೂ ಒಂದೇ ಫೈಲ್‌ನಲ್ಲಿ ಇಡಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಮೈಗ್ರೇಷನ್ ಒಂದೇ ಟ್ರಾನ್ಸಾಕ್ಷನ್ ಒಳಗೆ ಓಡುತ್ತದೆ, ಅಂದರೆ ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಫಾರಿನ್ ಕೀ ಇರುವ ಸಾಲುಗಳನ್ನು ತುಂಬಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ ಟೇಬಲ್ ಆಕಾರ ಬದಲಾಯಿಸಲು ಹೋದರೆ ಪೆಂಡಿಂಗ್ ಟ್ರಿಗರ್ ಈವೆಂಟ್ಸ್ ಎಂಬ ದೋಷ ಬಂದು ನಿಲ್ಲುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಈ ದೋಷ ಕಾಣುವುದಿಲ್ಲ.

ಹಂತ 4: ತುಂಬುವ ಫಂಕ್ಷನ್ ಬರೆಯಿರಿ

ಅದೇ ಫೈಲ್‌ನಲ್ಲಿ, ಕ್ಲಾಸ್‌ಗಿಂತ ಮೇಲೆ, ಒಂದು ಫಂಕ್ಷನ್ ಬೇಕು. ಜ್ಯಾಂಗೋ ಅದಕ್ಕೆ ಎರಡು ವಸ್ತು ಕೊಡುತ್ತದೆ: ಆ್ಯಪ್ಸ್ ಮತ್ತು ಸ್ಕೀಮಾ_ಎಡಿಟರ್. ಆಮೇಲೆ ಆಪರೇಷನ್ಸ್ ಪಟ್ಟಿಯಲ್ಲಿ ರನ್‌ಪೈಥಾನ್ ಒಳಗೆ ಈ ಫಂಕ್ಷನ್ ಹೆಸರು ಕೊಡಿ.

ಜಾಸ್ತಿ ಜನ ತಪ್ಪುವುದು ಫಂಕ್ಷನ್‌ನ ಮೊದಲ ಸಾಲಲ್ಲೇ. ಮಾಡೆಲ್ಸ್ ಫೈಲ್‌ನಿಂದ ಜಿಲ್ಲೆಯನ್ನು ಇಂಪೋರ್ಟ್ ಮಾಡಿಬಿಡುತ್ತಾರೆ. ಮಾಡಬೇಡಿ. ಆ್ಯಪ್ಸ್.ಗೆಟ್_ಮಾಡೆಲ್ ಎಂದು ಕರೆದು, ಆ್ಯಪ್ ಹೆಸರು ಮತ್ತು ಮಾಡೆಲ್ ಹೆಸರು ಕೊಟ್ಟು ತೆಗೆದುಕೊಳ್ಳಿ. ಕಾರಣ ಹೇಳುತ್ತೇನೆ. ಇಂಪೋರ್ಟ್ ಮಾಡಿದರೆ ಸಿಗುವುದು ಇವತ್ತಿನ ಮಾಡೆಲ್. ಒಂದು ವರ್ಷದ ನಂತರ ನೀವು ಜಿಲ್ಲೆಗೆ ಜನಸಂಖ್ಯೆ ಎಂಬ ಕಾಲಂ ಸೇರಿಸುತ್ತೀರಿ. ಆಗ ಹೊಸದಾಗಿ ಸೇರಿದ ಗೆಳೆಯ ಖಾಲಿ ಡೇಟಾಬೇಸ್‌ನಲ್ಲಿ ಮೊದಲಿನಿಂದ ಮೈಗ್ರೇಟ್ ಮಾಡುತ್ತಾನೆ. ಎರಡನೇ ಮೈಗ್ರೇಷನ್ ಓಡುವ ಹೊತ್ತಿಗೆ ಟೇಬಲ್‌ನಲ್ಲಿ ಆ ಕಾಲಂ ಇನ್ನೂ ಇಲ್ಲ, ಆದರೆ ಮಾಡೆಲ್ ಅದನ್ನು ಕೇಳುತ್ತದೆ. ಅಲ್ಲಿಗೆ ನಿಂತಿತು. ಗೆಟ್_ಮಾಡೆಲ್ ಕೊಡುವುದು ಆ ಹಂತದಲ್ಲಿ ಟೇಬಲ್ ಹೇಗಿತ್ತೋ ಹಾಗೇ ಇರುವ ಹಳೆಯ ರೂಪ.

ಆ ಹಳೆಯ ರೂಪದಲ್ಲಿ ನೀವು ಬರೆದ ಸೇವ್ ಮೆಥಡ್ ಇರುವುದಿಲ್ಲ. ಸೇವ್ ಒಳಗೆ ಸ್ಲಗ್ ಮಾಡುತ್ತಿದ್ದರೆ, ಅಂದರೆ ವಿಳಾಸದಲ್ಲಿ ಬರುವ ಚಿಕ್ಕ ಹೆಸರನ್ನು ಅಲ್ಲಿ ಹುಟ್ಟಿಸುತ್ತಿದ್ದರೆ, ಡಿಫಾಲ್ಟ್ ದಾಖಲೆಗಳಿಗೆ ಸ್ಲಗ್ ಖಾಲಿ ಉಳಿಯುತ್ತದೆ. ಅದನ್ನು ನೀವೇ ಕೈಯಾರೆ ಕೊಡಬೇಕು.

ಮುಂದೆ ಡೇಟಾ. ಮೊದಲು ನಾಲ್ಕು ವಿಭಾಗಗಳು: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ಆಮೇಲೆ ಪ್ರತಿ ಜಿಲ್ಲೆಗೂ ಒಂದು ಸಾಲು: ಕೋಡ್, ಎರಡು ಹೆಸರು, ವಿಭಾಗದ ಕೋಡ್. ಉದಾಹರಣೆಗೆ ಕಲಬುರಗಿ ವಿಭಾಗದ ಕೆಳಗೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಹೀಗೆ ಏಳು. ಪಟ್ಟಿಯನ್ನು ಮೈಗ್ರೇಷನ್ ಫೈಲ್ ಒಳಗೇ ಬರೆಯಿರಿ. ಹೊರಗಿನ ಸಿಎಸ್‌ವಿಯನ್ನೋ ಬೇರೆ ಪೈಥಾನ್ ಫೈಲನ್ನೋ ಓದಿಸಿದರೆ, ನಾಳೆ ಆ ಫೈಲ್ ಬದಲಾದಾಗ ಹಳೆಯ ಮೈಗ್ರೇಷನ್ ಅರ್ಥವೂ ಬದಲಾಗಿಬಿಡುತ್ತದೆ. 31 ಸಾಲುಗಳಿಗೆ ಫೈಲ್ ಉದ್ದವಾಯಿತು ಎಂದು ಚಿಂತೆ ಬೇಡ.

ಸಾಲು ಸೃಷ್ಟಿಸಲು ಬರೀ ಕ್ರಿಯೇಟ್ ಬಳಸಬೇಡಿ. ಸರ್ವರ್‌ನಲ್ಲಿ ಯಾರಾದರೂ ಅವಸರಕ್ಕೆ ನಾಲ್ಕು ಜಿಲ್ಲೆ ಕೈಯಾರೆ ತುಂಬಿದ್ದರೆ ಯೂನಿಕ್ ನಿಯಮ ಮುರಿದು ಮೈಗ್ರೇಷನ್ ನಿಲ್ಲುತ್ತದೆ. ಎರಡು ಒಳ್ಳೆಯ ಮೆಥಡ್‌ಗಳಿವೆ. ಗೆಟ್_ಆರ್_ಕ್ರಿಯೇಟ್, ಇದ್ದರೆ ಇದ್ದ ಹಾಗೇ ಬಿಡುತ್ತದೆ, ಇಲ್ಲದಿದ್ದರೆ ಸೃಷ್ಟಿಸುತ್ತದೆ. ಅಪ್‌ಡೇಟ್_ಆರ್_ಕ್ರಿಯೇಟ್, ಇದ್ದರೆ ತಿದ್ದುತ್ತದೆ, ಇಲ್ಲದಿದ್ದರೆ ಸೃಷ್ಟಿಸುತ್ತದೆ. ಜಿಲ್ಲೆಗಳಿಗೆ ಎರಡನೆಯದು, ಯಾಕೆಂದರೆ ಸರಿ ಯಾವುದು ಎಂದು ಹೇಳುವವರು ನಾವು. ಸ್ವಾಗತದ ಸಾಲಿನಂಥ ಮೂರನೆಯ ಬಗೆಗೆ ಮೊದಲನೆಯದು, ಯಾಕೆಂದರೆ ಅದು ನಡೆಸುವವರ ಮಾತು.

ಎರಡರಲ್ಲೂ ಎಡವುವ ಜಾಗ ಒಂದಿದೆ. ಹುಡುಕಬೇಕಾದ ಕಾಲಂ, ಅಂದರೆ ಕೋಡ್ ಮಾತ್ರ, ಹೊರಗಿರಬೇಕು. ಹೆಸರು, ವಿಭಾಗ ಎಲ್ಲ ಡಿಫಾಲ್ಟ್ಸ್ ಎಂಬ ಡಿಕ್ಷನರಿ ಒಳಗೆ ಹೋಗಬೇಕು. ಎಲ್ಲವನ್ನೂ ಹೊರಗೇ ಬರೆದರೆ ಜ್ಯಾಂಗೋ ಎಲ್ಲವೂ ಒಟ್ಟಿಗೆ ಹೊಂದುವ ಸಾಲನ್ನು ಹುಡುಕುತ್ತದೆ. ಹೆಸರಲ್ಲಿ ಒಂದು ಅಕ್ಷರ ಬೇರೆ ಇದ್ದರೂ ಸಿಗುವುದಿಲ್ಲ, ಹೊಸದು ಸೃಷ್ಟಿಸಲು ಹೋಗುತ್ತದೆ, ಅದೇ ಕೋಡ್ ಆಗಲೇ ಇದೆ ಎಂದು ದೋಷ ಬರುತ್ತದೆ.

ಹಂತ 5: ಕನ್ನಡ ಅಕ್ಷರಗಳನ್ನು ಒಂದೇ ರೂಪಕ್ಕೆ ತನ್ನಿ

ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಹೇಳುವುದಿಲ್ಲ, ನಮಗೆ ಬೇಕೇ ಬೇಕು. ಕಣ್ಣಿಗೆ ಒಂದೇ ಥರ ಕಾಣುವ ಕನ್ನಡ ಪದ ಕಂಪ್ಯೂಟರ್ ಒಳಗೆ ಎರಡು ಥರ ಇರಬಹುದು. "ಕೋಲಾರ" ಪದದ ಓತ್ವ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಇಲ್ಲವೇ ಎತ್ವ, ಊತ್ವ, ದೀರ್ಘದ ಗುರುತು ಹೀಗೆ ಮೂರು ಚಿಹ್ನೆಗಳನ್ನು ಸಾಲಾಗಿ ಇಟ್ಟೂ ಬರೆಯಬಹುದು. ಪೈಥಾನ್‌ನಲ್ಲಿ ಉದ್ದ ಎಣಿಸಿದರೆ ಮೊದಲನೆಯದು 5, ಎರಡನೆಯದು 7. ಪರದೆಯ ಮೇಲೆ ಎರಡೂ ಕೋಲಾರವೇ. ಹೋಲಿಸಿದರೆ ಎರಡೂ ಬೇರೆ. ಬೀದರ್‌ನ ದೀರ್ಘಕ್ಕೂ ಇದೇ ಕಥೆ.

ಬೇರೆ ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ ಪಟ್ಟಿಯಲ್ಲಿ ಎರಡೂ ರೂಪ ಬೆರೆತಿರಬಹುದು. ಹಾಗಾಗಿ ತುಂಬುವ ಮುಂಚೆ ಪ್ರತಿ ಹೆಸರನ್ನೂ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್ ಮೂಲಕ ಹಾಯಿಸಿ. ರೂಪದ ಹೆಸರು ಎನ್‌ಎಫ್‌ಸಿ ಎಂದು ಕೊಡಿ. ಬಿಡಿಯಾಗಿರುವ ಚಿಹ್ನೆಗಳನ್ನು ಅದು ಕೂಡಿಸಿ ಒಂದು ಮಾಡುತ್ತದೆ. ಬಳಕೆದಾರರು ಹುಡುಕುವ ಪದವನ್ನೂ ಹೋಲಿಸುವ ಮುಂಚೆ ಇದೇ ಫಂಕ್ಷನ್ ಮೂಲಕ ಕಳಿಸಿ. ಹಿಂದೆ ಮುಂದೆ ಅಂಟಿಕೊಂಡ ಖಾಲಿ ಜಾಗವನ್ನು ಸ್ಟ್ರಿಪ್ ಮಾಡಿ.

ಹಳೆಯ ಮೈಎಸ್‌ಕ್ಯೂಎಲ್ ಬಳಸುವವರು ಡೇಟಾಬೇಸ್‌ನ ಅಕ್ಷರ ಸಮೂಹ ಯಾವುದೆಂದು ನೋಡಿಕೊಳ್ಳಿ. 8.0ಕ್ಕಿಂತ ಮುಂಚೆ ಅದು ಲ್ಯಾಟಿನ್1 ಆಗಿರುತ್ತಿತ್ತು, ಅದರಲ್ಲಿ ಕನ್ನಡ ಕೂರುವುದಿಲ್ಲ. ಯುಟಿಎಫ್8ಎಂಬಿ4 ಇರಬೇಕು.

ಹಂತ 6: ಹಿಂದಕ್ಕೆ ಹೋಗುವ ದಾರಿ

ರನ್‌ಪೈಥಾನ್‌ಗೆ ಎರಡನೇ ಫಂಕ್ಷನ್ ಕೊಡಬಹುದು. ಮೈಗ್ರೇಷನ್ ಹಿಂದೆಗೆದಾಗ ಅದು ಓಡುತ್ತದೆ. ಕೊಡದಿದ್ದರೆ ಹಿಂದೆ ಹೋಗಲು ಆಗುವುದೇ ಇಲ್ಲ, ಇರ್ರಿವರ್ಸಿಬಲ್ ಎಂದು ದೋಷ ಬರುತ್ತದೆ. ಅದಕ್ಕೇ ಹಲವರು ಎಲ್ಲ ಜಿಲ್ಲೆಗಳನ್ನು ಅಳಿಸುವ ಫಂಕ್ಷನ್ ಬರೆದುಬಿಡುತ್ತಾರೆ. ನಾನೂ ಒಮ್ಮೆ ಹಾಗೆ ಬರೆದಿದ್ದೆ. ಫಾರಿನ್ ಕೀಗೆ ಕ್ಯಾಸ್ಕೇಡ್ ಇತ್ತು. ಬೇರೆ ಯಾವುದೋ ಕಾರಣಕ್ಕೆ ಒಂದು ಹೆಜ್ಜೆ ಹಿಂದೆ ಹೋದಾಗ ಜಿಲ್ಲೆಗಳ ಜೊತೆ ಅವನ್ನು ಹಿಡಿದುಕೊಂಡಿದ್ದ ದಾಖಲೆಗಳೆಲ್ಲ ಹೋದವು. ಬ್ಯಾಕಪ್ ಇದ್ದಿದ್ದರಿಂದ ಮರಳಿ ಸಿಕ್ಕವು.

ಎರಡನೇ ಜಾಗದಲ್ಲಿ ರನ್‌ಪೈಥಾನ್.ನೂಪ್ ಕೊಡಿ. ಏನೂ ಮಾಡಬೇಡ, ಸುಮ್ಮನೆ ಹಿಂದೆ ಹೋಗು ಎಂದು ಅದರ ಅರ್ಥ. ಮತ್ತೆ ಮುಂದೆ ಬಂದಾಗ ಅಪ್‌ಡೇಟ್_ಆರ್_ಕ್ರಿಯೇಟ್ ಇರುವುದರಿಂದ ಎರಡೆರಡು ಸಾಲು ಆಗುವುದಿಲ್ಲ.

ಹಂತ 7: ಗುಂಪು ಮತ್ತು ಅನುಮತಿಗಳಿಗೆ ಬೇರೆ ದಾರಿ

"ಸ್ವಯಂಸೇವಕರು ಎಂಬ ಗುಂಪು ಮಾಡಿ, ಅದಕ್ಕೆ ದಾನಿಯನ್ನು ಸೇರಿಸುವ ಅನುಮತಿ ಕೊಡಬೇಕು. ನನ್ನಲ್ಲಿ ಓಡುತ್ತದೆ, ಸರ್ವರ್‌ನಲ್ಲಿ ಪರ್ಮಿಷನ್ ಇಲ್ಲ ಎನ್ನುತ್ತದೆ." ಇದು ನನಗೆ ಬರುವ ಎರಡನೇ ದೊಡ್ಡ ಪ್ರಶ್ನೆ.

ಜ್ಯಾಂಗೋ ಅನುಮತಿಯ ಸಾಲುಗಳನ್ನು ಮೈಗ್ರೇಷನ್ ಒಳಗೆ ಸೃಷ್ಟಿಸುವುದಿಲ್ಲ. ಮೈಗ್ರೇಟ್ ಆಜ್ಞೆ ಎಲ್ಲ ಮೈಗ್ರೇಷನ್‌ಗಳನ್ನು ಮುಗಿಸಿದ ಮೇಲೆ ಪೋಸ್ಟ್_ಮೈಗ್ರೇಟ್ ಎಂಬ ಸಿಗ್ನಲ್ ಕಳಿಸುತ್ತದೆ. ಸಿಗ್ನಲ್ ಎಂದರೆ "ಇದು ಮುಗಿಯಿತು" ಎಂಬ ಕೂಗು. ಅದನ್ನು ಕೇಳಿದ ಮೇಲೆ ಆಥ್ ಆ್ಯಪ್, ಅಂದರೆ ಲಾಗಿನ್ ಮತ್ತು ಅನುಮತಿಗಳನ್ನು ನೋಡಿಕೊಳ್ಳುವ ಜ್ಯಾಂಗೋದ ಸ್ವಂತ ಆ್ಯಪ್, ಅನುಮತಿಗಳನ್ನು ಮಾಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹಿಂದಿನ ವಾರದ ಮೈಗ್ರೇಟ್‌ನಿಂದಲೇ ಅನುಮತಿಗಳು ಇದ್ದವು. ಸರ್ವರ್‌ನಲ್ಲಿ ಎಲ್ಲವೂ ಒಂದೇ ಓಟದಲ್ಲಿ ಆಗುತ್ತದೆ, ನಿಮ್ಮ ಮೈಗ್ರೇಷನ್ ಕೇಳುವ ಹೊತ್ತಿಗೆ ಅವು ಇನ್ನೂ ಹುಟ್ಟಿಲ್ಲ.

ಆದ್ದರಿಂದ ಗುಂಪು ಮಾಡುವ ಫಂಕ್ಷನ್ನನ್ನು ನಿಮ್ಮ ಆ್ಯಪ್‌ನ ಕಾನ್ಫಿಗ್ ಕ್ಲಾಸ್‌ನ ರೆಡಿ ಮೆಥಡ್ ಒಳಗೆ ಪೋಸ್ಟ್_ಮೈಗ್ರೇಟ್‌ಗೆ ಜೋಡಿಸಿ. ಸೆಂಡರ್ ಜಾಗದಲ್ಲಿ ಸೆಲ್ಫ್ ಕೊಡಿ, ಇಲ್ಲದಿದ್ದರೆ ಪ್ರತಿ ಆ್ಯಪ್‌ಗೂ ಒಂದೊಂದು ಸಲ ಓಡುತ್ತದೆ. ಇನ್‌ಸ್ಟಾಲ್ಡ್_ಆ್ಯಪ್ಸ್ ಪಟ್ಟಿಯಲ್ಲಿ ಆಥ್ ನಿಮ್ಮ ಆ್ಯಪ್‌ಗಿಂತ ಮೇಲೆ ಇರಲಿ, ಆಗ ಅನುಮತಿಗಳು ಮೊದಲು ಹುಟ್ಟುತ್ತವೆ. ಈ ಫಂಕ್ಷನ್ ಮೈಗ್ರೇಟ್ ಮಾಡಿದಾಗಲೆಲ್ಲ ಓಡುತ್ತದೆ. ಎಷ್ಟು ಸಲ ಓಡಿದರೂ ಫಲ ಒಂದೇ ಆಗುವ ಹಾಗೆ ಬರೆಯಿರಿ.

ಹಂತ 8: ಫಿಕ್ಸ್ಚರ್ ಎಲ್ಲಿ ಸರಿ, ಎಲ್ಲಿ ತಪ್ಪು

ಹಳೆಯ ಲೇಖನಗಳಲ್ಲಿ "ಇನಿಶಿಯಲ್_ಡೇಟಾ ಎಂದು ಹೆಸರಿಟ್ಟರೆ ಫಿಕ್ಸ್ಚರ್ ತಾನಾಗಿ ತುಂಬುತ್ತದೆ" ಎಂದು ಓದಿರುತ್ತೀರಿ. ಆ ಸೌಲಭ್ಯ 2015ರ ಡಿಸೆಂಬರ್‌ನಲ್ಲಿ ಬಂದ ಜ್ಯಾಂಗೋ 1.9ರಲ್ಲೇ ಹೋಯಿತು. ಈಗ ಹಾಗೆ ಹೆಸರಿಟ್ಟರೆ ದೋಷವೂ ಬರುವುದಿಲ್ಲ, ಡೇಟಾವೂ ಬರುವುದಿಲ್ಲ.

ಪರೀಕ್ಷೆಗೆ ಬೇಕಾದ ನಕಲಿ ಡೇಟಾಗೆ ಫಿಕ್ಸ್ಚರ್ ಒಳ್ಳೆಯದು. ಡಂಪ್‌ಡೇಟಾ ಆಜ್ಞೆಯಿಂದ ತೆಗೆದು ಲೋಡ್‌ಡೇಟಾದಿಂದ ತುಂಬಬಹುದು. ಆದರೆ ಲೋಡ್‌ಡೇಟಾ ಅದೇ ಐಡಿಯ ಸಾಲಿದ್ದರೆ ಕೇಳದೇ ಅದರ ಮೇಲೆ ಬರೆಯುತ್ತದೆ. ಸರ್ವರ್‌ನಲ್ಲಿ ನಡೆಸುವವರು ತಿದ್ದಿದ್ದು ಹೋಗುತ್ತದೆ. ವಿಂಡೋಸ್‌ನ ಹಳೆಯ ಪವರ್‌ಶೆಲ್‌ನಲ್ಲಿ ಬಾಣದ ಗುರುತಿನಿಂದ ಫೈಲ್‌ಗೆ ಕಳಿಸಬೇಡಿ, ಅದು ಯುಟಿಎಫ್-16ರಲ್ಲಿ ಬರೆಯುತ್ತದೆ, ಲೋಡ್‌ಡೇಟಾಗೆ ಓದಲು ಬರುವುದಿಲ್ಲ. ಪೈಥಾನ್ ಪಕ್ಕದಲ್ಲಿ -ಎಕ್ಸ್ ಯುಟಿಎಫ್8 ಹಾಕಿ (ಎಕ್ಸ್ ಮಾತ್ರ ದೊಡ್ಡ ಅಕ್ಷರ), ಡಂಪ್‌ಡೇಟಾಗೆ --ಔಟ್‌ಪುಟ್ ಎಂದು ಫೈಲ್ ಹೆಸರು ಕೊಡಿ.

ಹಂತ 9: ಓಡಿಸಿ ನೋಡಿ

ಹೊಸ ಖಾಲಿ ಡೇಟಾಬೇಸ್ ಮಾಡಿ. ಇದನ್ನು ಬಿಡಬೇಡಿ, ನಿಮ್ಮ ಹಳೆಯ ಡೇಟಾಬೇಸ್‌ನಲ್ಲಿ ಓಡಿದ್ದು ಏನನ್ನೂ ಸಾಬೀತು ಮಾಡುವುದಿಲ್ಲ. ಮೈಗ್ರೇಟ್ ಮಾಡಿ. ಶೆಲ್‌ನಲ್ಲಿ ಎಣಿಸಿ: ವಿಭಾಗ 4, ಜಿಲ್ಲೆ 31. ಒಂದು ಮೈಗ್ರೇಷನ್ ಹಿಂದೆ ಹೋಗಿ, ಮತ್ತೆ ಮುಂದೆ ಬನ್ನಿ. ಆಗಲೂ 31 ಇರಬೇಕು. ಅಡ್ಮಿನ್ ಪುಟದಲ್ಲಿ ಒಂದು ಸುಳ್ಳು ಜಿಲ್ಲೆ ಸೇರಿಸಿ ಅಳಿಸಿ, ಐಡಿ ಎಣಿಕೆ ಸರಿ ಇದೆಯೇ ಗೊತ್ತಾಗುತ್ತದೆ.

ಟೆಸ್ಟ್ ಬರೆಯುವವರಿಗೆ ಒಂದು ಮಾತು. ಸಾಮಾನ್ಯ ಟೆಸ್ಟ್‌ಕೇಸ್‌ನಲ್ಲಿ ಮೈಗ್ರೇಷನ್ ತುಂಬಿದ ಸಾಲುಗಳು ಹಾಗೇ ಇರುತ್ತವೆ. ಟ್ರಾನ್ಸಾಕ್ಷನ್‌ಟೆಸ್ಟ್‌ಕೇಸ್ ಮಾತ್ರ ಪ್ರತಿ ಟೆಸ್ಟ್ ಆದ ಮೇಲೆ ಟೇಬಲ್‌ಗಳನ್ನು ಪೂರ್ತಿ ಖಾಲಿ ಮಾಡುತ್ತದೆ. ಅಂಥ ಕ್ಲಾಸ್‌ಗೆ ಸೀರಿಯಲೈಸ್ಡ್_ರೋಲ್‌ಬ್ಯಾಕ್ ಟ್ರೂ ಎಂದು ಕೊಟ್ಟರೆ ಸಾಲುಗಳನ್ನು ಮರಳಿ ತುಂಬಿಕೊಡುತ್ತದೆ, ಆದರೆ ಟೆಸ್ಟ್ ನಿಧಾನವಾಗುತ್ತದೆ.

ಹಂತ 10: ಮುಂದೆ ಪಟ್ಟಿ ಬದಲಾದಾಗ

ಸರ್ವರ್‌ನಲ್ಲಿ ಓಡಿದ ಮೈಗ್ರೇಷನ್ ಫೈಲನ್ನು ತೆರೆದು ತಿದ್ದಬೇಡಿ. ಅದು ಅಲ್ಲಿ ಮತ್ತೆ ಓಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಪಟ್ಟಿ, ಅಲ್ಲಿ ಇನ್ನೊಂದು ಪಟ್ಟಿ ಆಗುತ್ತದೆ. ಪ್ರತಿ ಬದಲಾವಣೆಗೂ ಹೊಸ ಖಾಲಿ ಮೈಗ್ರೇಷನ್ ಮಾಡಿ.

ಹೆಸರು ಬದಲಾಗಿದ್ದರೆ ಕೆಲಸ ಒಂದೇ ಸಾಲಿನದು. ಕೋಡ್‌ನಿಂದ ಹುಡುಕಿ, ಎರಡು ಹೆಸರು ತಿದ್ದಿ. ದಾನಿಗಳ ಸಾಲು ಮುಟ್ಟಬೇಕಾಗಿಲ್ಲ, ಅವರ ಕೊಂಡಿ ಹೆಸರಿಗಲ್ಲ, ಸಾಲಿಗೆ.

ಜಿಲ್ಲೆ ಒಡೆದಾಗ ಹೀಗೆ ಸುಲಭ ಅಲ್ಲ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31ನೇ ಜಿಲ್ಲೆ ಆಯಿತು. ಅದಕ್ಕೆ ಮುಂಚೆಯೇ ನಡೆಯುತ್ತಿದ್ದ ಆ್ಯಪ್ ಆಗಿದ್ದರೆ ಹೊಸ ಸಾಲು ಸೇರಿಸುವುದು ಒಂದು ನಿಮಿಷದ ಕೆಲಸ. ಆದರೆ ಬಳ್ಳಾರಿ ಎಂದು ದಾಖಲಾದ ದಾನಿಗಳಲ್ಲಿ ಯಾರು ಈಗ ವಿಜಯನಗರದವರು? ಜಿಲ್ಲೆಯ ಕಾಲಂ ಒಂದರಿಂದ ಇದನ್ನು ಹೇಳಲು ಸಾಧ್ಯವೇ ಇಲ್ಲ. ತಾಲ್ಲೂಕು ಕೂಡ ದಾಖಲಾಗಿದ್ದರೆ ಹೇಳಬಹುದು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಈ ಆರು ತಾಲ್ಲೂಕುಗಳು ಹೊಸ ಜಿಲ್ಲೆಗೆ ಹೋದವು. ಅದಕ್ಕೇ ತಾಲ್ಲೂಕಿನ ಟೇಬಲನ್ನೂ ಈಗಲೇ ಇಟ್ಟುಕೊಳ್ಳಿ ಎನ್ನುತ್ತೇನೆ, ಇವತ್ತು ಬಳಸದಿದ್ದರೂ ಸರಿ.

ಆಗ ಹೊಸ ಮೈಗ್ರೇಷನ್‌ನಲ್ಲಿ ಮೂರು ಕೆಲಸ, ಇದೇ ಕ್ರಮದಲ್ಲಿ. ಮೊದಲು ವಿಜಯನಗರದ ಸಾಲು ಸೃಷ್ಟಿಸಿ, ಕಲಬುರಗಿ ವಿಭಾಗಕ್ಕೆ ಕೊಂಡಿ ಹಾಕಿ. ಆಮೇಲೆ ಆರು ತಾಲ್ಲೂಕುಗಳ ಕೊಂಡಿಯನ್ನು ಬಳ್ಳಾರಿಯಿಂದ ಬಿಡಿಸಿ ಹೊಸ ಜಿಲ್ಲೆಗೆ ಹಾಕಿ. ಕೊನೆಗೆ ಆ ತಾಲ್ಲೂಕುಗಳ ದಾನಿಗಳ ಜಿಲ್ಲೆಯನ್ನು ಒಂದೇ ಅಪ್‌ಡೇಟ್‌ನಲ್ಲಿ ಬದಲಾಯಿಸಿ. ಓಡಿಸುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ, ಮುಂಚೆ ಬಳ್ಳಾರಿಯಲ್ಲಿ ಎಷ್ಟು ದಾನಿಗಳಿದ್ದರು ಎಂದು ಎಣಿಸಿಟ್ಟುಕೊಳ್ಳಿ. ಓಡಿದ ಮೇಲೆ ಎರಡೂ ಜಿಲ್ಲೆ ಕೂಡಿಸಿದರೆ ಅಷ್ಟೇ ಬರಬೇಕು. ತಾಲ್ಲೂಕು ದಾಖಲಾಗದವರನ್ನು ಊಹೆಯ ಮೇಲೆ ಸರಿಸಬೇಡಿ. ಅವರು ಬಳ್ಳಾರಿಯಲ್ಲೇ ಇರಲಿ. ಮುಂದಿನ ಸಲ ಲಾಗಿನ್ ಆದಾಗ ನಿಮ್ಮ ತಾಲ್ಲೂಕು ಯಾವುದು ಎಂದು ಕೇಳಿ, ಉತ್ತರ ಬಂದ ಮೇಲೆ ಆ ಒಂದು ಸಾಲನ್ನು ತಿದ್ದಿ.